ಪಾಲಕರ ಸಹಿ

ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದಕ್ಕೆ 1984ರಲ್ಲಿ ಟೀಚರಾಗಿ ಸೇರಿದಾಗ ನಾನು ಮೊದಲು ಕಲಿತ ಕೆಲಸ ಜನರಲ್ ರಿಜಿಸ್ಟರ್ ಬರೆಯುವುದು. ಶಾಲೆ ಇದ್ದದ್ದು ಧಾರಾವಿಯ ಮಗ್ಗುಲಲ್ಲಿ. ಜೂನಿನ ಮಳೆ ಹಿಡಿಯುವುದಕ್ಕೂ ಮಕ್ಕಳ ಭರ್ತಿಗೂ ಸರಿಹೋಗುತ್ತಿತ್ತು. ಕಲಬುರ್ಗಿ, ರಾಯಚೂರು, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು, ನಮ್ಮ ಕರಾವಳಿಯ ಹೋಟೆಲ್ ಕೆಲಸದವರ ಮಕ್ಕಳು, ಒದ್ದೆ ಗೋಣಿಚೀಲ ತಲೆಗೆ ಹೊದ್ದುಕೊಂಡು ಬಂದು ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದವು. ಮಹಾರಾಷ್ಟ್ರದ ಪದ್ಧತಿಯಂತೆ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಒಂದೇ ಸಾಲಿನಲ್ಲಿ ಬರೆಯಬೇಕು. ಕೊನೆಯಲ್ಲಿ ಪಾಲಕರ ಸಹಿ, ಇಲ್ಲವೇ ಹೆಬ್ಬೆಟ್ಟು.

ಅಪ್ಪನೆಂದು ಹೆಸರಿದ್ದವರೇ ಮಗುವನ್ನು ಕರೆತರುತ್ತಿದ್ದರು ಅಂದುಕೊಳ್ಳಬೇಡಿ. ಅಜ್ಜಿ ಬರುತ್ತಿದ್ದಳು, ದೊಡ್ಡಪ್ಪ ಬರುತ್ತಿದ್ದ, ಕೆಲಸದ ಮುಕಾದಮ ಐದಾರು ಮಕ್ಕಳನ್ನು ಒಟ್ಟಿಗೆ ತಂದು 'ಎಲ್ಲಾ ನಮ್ಮವೇ ಬರ್ಕೊಳ್ರಿ ಬಾಯಾರ' ಎನ್ನುತ್ತಿದ್ದ. ಒಂದು ವರ್ಷ ಕಾಮಾಠಿಪುರದಿಂದ ಹೆಣ್ಣುಮಗುವೊಂದನ್ನು ಕರೆತಂದವಳು ಸೀರೆಯುಟ್ಟ ಹಿಜ್ರಾ. ಮಗುವಿನ ತಾಯಿ ಬೆಳಗಾವಿ ಕಡೆಯ ದೇವದಾಸಿ, ಕಾಯಿಲೆ ಬಿದ್ದಿದ್ದಳು. 'ನೀ ಏನಾಗಬೇಕವ್ವ ಈಕಿಗೆ?' ಎಂದು ನಮ್ಮ ಹೆಡ್ ಮಾಸ್ತರರು ಕೇಳಿದರು. 'ಮೌಸಿ' ಎಂದಳು. ಮಾಸ್ತರರು ಧಾರವಾಡದವರು, ಕಾಯಿದೆಯ ಮನುಷ್ಯ. ಪೆನ್ನು ಎತ್ತಿಕೊಂಡು ಯೋಚಿಸಿ, ಪಾಲಕರ ಜಾಗದಲ್ಲಿ ಅವಳ ಹೆಸರನ್ನೇ ಬರೆದರು. ಅಪ್ಪನ ಹೆಸರಿನ ಜಾಗದಲ್ಲಿ ಏನಾದರೂ ಒಂದು ಹೆಸರು ಬೇಕೇಬೇಕಿತ್ತು. ಯಲ್ಲಪ್ಪ ಎಂದು ಬರೆದಾಯಿತು. ಆ ಕಾಲದಲ್ಲಿ ನಮ್ಮ ರಿಜಿಸ್ಟರಿನಲ್ಲಿ ಎಷ್ಟು ಯಲ್ಲಪ್ಪಂದಿರಿದ್ದರೋ ಎಲ್ಲಮ್ಮನಿಗೇ ಗೊತ್ತು.

2023ರಲ್ಲಿ ಟಿವಿಯವರು ಸಂಜೆಯಾದರೆ ಸಾಕು, ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಸೇರಿ ಮಗು ಸಾಕಬಹುದೇ ಎಂದು ಜಗಳ ಹಚ್ಚುತ್ತಿದ್ದರು. ನಿನ್ನೆ ಮೊನ್ನೆ ವಿಮಾನದಿಂದ ಇಳಿದ ಪ್ರಶ್ನೆಯೆಂಬಂತೆ ಮಾತಾಡುತ್ತಿದ್ದರು. ಈ ಊರಿನಲ್ಲಿ ಮಗುವನ್ನು ಯಾರು ಸಾಕುತ್ತಾರೆ ಎಂಬುದನ್ನು ಸರ್ಕಾರ ಎಂದೂ ತೀರ್ಮಾನಿಸಿದ್ದಿಲ್ಲ. ಸಾಕಿದವರಲ್ಲಿ ಯಾರ ಸಹಿ ನಡೆಯುತ್ತದೆ ಎಂಬುದನ್ನಷ್ಟೇ ತೀರ್ಮಾನಿಸುತ್ತಾ ಬಂದಿದೆ. ಆ ತೀರ್ಮಾನಕ್ಕೆ ಇನ್ನೂರು ವರ್ಷದ ಚರಿತ್ರೆಯಿದೆ. ಕನ್ನಡಿಗರಿಗೆ ಅದರ ಮೊದಲ ಅಧ್ಯಾಯ ಬಾಯಿಪಾಠ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ಅವನ ಮೇಲೆ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಸತ್ತದ್ದು, ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದದ್ದು ಶಾಲೆಯ ನಾಟಕಗಳಲ್ಲಿ ಬರುತ್ತದೆ. ಎಲ್ಲ ಗಲಾಟೆಗೂ ಮೂಲವಾದದ್ದು ಒಂದು ದತ್ತಕದ ಕಾಗದವೆಂಬುದು ಮಕ್ಕಳ ತಲೆಗೆ ಹೋಗುವುದಿಲ್ಲ, ಕತ್ತಿಯೇ ನೆನಪಿರುತ್ತದೆ. ಮೂವತ್ತು ವರ್ಷದ ಮೇಲೆ ನರಗುಂದದ ಬಾಬಾಸಾಹೇಬನಿಗೂ ದತ್ತಕಕ್ಕೆ ಒಪ್ಪಿಗೆ ಸಿಗಲಿಲ್ಲ. 1858ರಲ್ಲಿ ಅವನೂ ದಂಗೆಯೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಎರಡು ಸಲವೂ ಒಲ್ಲೆ ಎಂದದ್ದು ಈ ಮುಂಬಯಿಯ ಸರ್ಕಾರವೇ. ಅವರಿಗೆ ಮಗು ಯಾರ ಮನೆಯಲ್ಲಿ ಉಣ್ಣುತ್ತದೆಂಬುದು ಬೇಕಿರಲಿಲ್ಲ, ಆಸ್ತಿ ಯಾರ ಹೆಸರಿಗೆ ಹೋಗುತ್ತದೆಂಬುದು ಬೇಕಿತ್ತು.

ಅದೇ ಮುಂಬಯಿ ಸರ್ಕಾರಕ್ಕೆ ಇನ್ನೊಂದು ತಲೆನೋವಿತ್ತು. ಪೇಶ್ವೆಗಳ ಕಾಲದಿಂದ ಮರಾಠಿ ಸೀಮೆಯ ಹಿಜ್ರಾಗಳಿಗೆ ಅಲ್ಲಲ್ಲಿ ಇನಾಮು ಭೂಮಿಯಿತ್ತು, ಗೊತ್ತುಮಾಡಿದ ಹಳ್ಳಿಗಳಿಂದ ಕಾಣಿಕೆ ಎತ್ತುವ ಹಕ್ಕಿತ್ತು. ಗುರುವಿನಿಂದ ಚೇಲಾಗೆ, ಆ ಚೇಲಾದಿಂದ ಮುಂದಿನವಳಿಗೆ ಅದು ಇಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮುಂಬಯಿಯ ಅಧಿಕಾರಿಗಳು ಆ ಹಕ್ಕನ್ನು ಕಾಪಾಡಲು ಒಲ್ಲೆವೆಂದರು. ಮುಂದೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಬಂತು. ಅದರ ಎರಡನೇ ಭಾಗದ ಪ್ರಕಾರ ಹಿಜ್ರಾಗಳ ಹೆಸರನ್ನು ಪೊಲೀಸರು ಪಟ್ಟಿ ಮಾಡಬೇಕು. ಪಟ್ಟಿಗೆ ಸೇರಿದವಳ ಮನೆಯಲ್ಲಿ 16 ವರ್ಷ ತುಂಬದ ಹುಡುಗನಿದ್ದರೆ ಅವಳಿಗೆ ಎರಡು ವರ್ಷದವರೆಗೆ ಜೈಲು. ಅವಳು ಯಾವ ಮಗುವಿಗೂ ಪಾಲಕಿಯಾಗುವಂತಿಲ್ಲ, ದಾನಪತ್ರ ಬರೆಯುವಂತಿಲ್ಲ, ವಿಲ್ ಬರೆಯುವಂತಿಲ್ಲ, ಮಗನನ್ನು ದತ್ತು ತೆಗೆದುಕೊಳ್ಳುವಂತಿಲ್ಲ. ಹೆಚ್ಚಾಗಿ ಇದು ಉತ್ತರದ ಪ್ರಾಂತ್ಯಗಳಲ್ಲಿ ಜಾರಿಯಾದದ್ದು. ಆದರೆ ಗಂಡ-ಹೆಂಡತಿ ಎಂಬ ಅಚ್ಚಿಗೆ ಕೂರದ ಜನ ಮಗು ಸಾಕಬಾರದೆಂದು ಈ ದೇಶದಲ್ಲಿ ಸೆಕ್ಷನ್ ಹಾಕಿ ಬರೆದದ್ದು ನಾನು ಬಲ್ಲಂತೆ ಅಲ್ಲೇ ಮೊದಲು. ಬರೆದವರು ನಮ್ಮ ಋಷಿಮುನಿಗಳಲ್ಲ, ಕಲ್ಕತ್ತೆಯಲ್ಲಿ ಕೂತ ಇಂಗ್ಲಿಷ್ ಸಾಹೇಬರು. ಕರ್ನಾಟಕದವರು ಬೀಗಬೇಕಾಗಿಲ್ಲ. 2011ರಲ್ಲಿ ನಮ್ಮ ಪೊಲೀಸ್ ಕಾಯಿದೆಗೆ 36ಎ ಎಂಬ ಸೆಕ್ಷನ್ ಸೇರಿಸಿದಾಗ ಅದೇ ಪಟ್ಟಿ, ಹುಡುಗರನ್ನು ಕದಿಯುತ್ತಾರೆಂಬ ಅದೇ ಗುಮಾನಿ ಮತ್ತೆ ಕಾಯಿದೆ ಪುಸ್ತಕದಲ್ಲಿ ಬಂದು ಕೂತಿತು. ನ್ಯಾಯಾಲಯಕ್ಕೆ ದೂರು ಹೋದ ಮೇಲೆ ಹಿಜ್ರಾಗಳನ್ನು ಹೆಸರಿಸುವ ಪದವನ್ನು ತೆಗೆದರು.

ನಾನು ಕಾರ್ಕಳದ ಹತ್ತಿರದ ಅಳಿಯಸಂತಾನದ ಮನೆಯವಳು. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಅಫಿಡವಿಟ್ ಕೊಟ್ಟು, ಭಾರತೀಯ ಕುಟುಂಬವೆಂದರೆ ಗಂಡ, ಹೆಂಡತಿ, ಅವರಿಗೆ ಹುಟ್ಟಿದ ಮಕ್ಕಳು ಎಂದಾಗ ನನ್ನ ಅಜ್ಜಿ ಬದುಕಿದ್ದರೆ ಎಲೆಅಡಿಕೆ ಉಗಿದು ನಗುತ್ತಿದ್ದಳು. ಅವಳ ಮನೆಯಲ್ಲಿ ಮಕ್ಕಳು ತಾಯಿಯ ಬಳಿಗೆ, ಅಂದರೆ ಕುಲಕ್ಕೆ, ಸೇರಿದವು. ಯಜಮಾನಿಕೆ ಸೋದರಮಾವನದು. ಹೆತ್ತಪ್ಪ ಬೇರೆ ಕುಟುಂಬದವನು. ರಾತ್ರಿಗೆ ಬಂದು ಬೆಳಿಗ್ಗೆ ತನ್ನ ತಾಯಿಮನೆಯ ಗದ್ದೆಗೆ ಹೋಗುತ್ತಿದ್ದ. ಸಂತತಿ ನಿಲ್ಲುವ ಕವರು, ಅಂದರೆ ಕುಟುಂಬದ ಕವಲು, ದತ್ತು ತೆಗೆದುಕೊಳ್ಳುತ್ತಿದ್ದದ್ದು ಹೆಣ್ಣುಮಗುವನ್ನು. ನನ್ನನ್ನು ಬೆಳೆಸಿದ್ದು ಅಜ್ಜಿ ಮತ್ತು ಗಂಡನನ್ನು ಕಳೆದುಕೊಂಡ ದೊಡ್ಡಮ್ಮ, ಇಬ್ಬರು ಹೆಂಗಸರು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಉಳಿದದ್ದನ್ನೂ ಬಹುಮಟ್ಟಿಗೆ ಅಳಿಸಿತು. ಅಜ್ಜಿಯ ಮನೆಗೂ ಇವತ್ತಿನ ಸಲಿಂಗಿ ಜೋಡಿಯ ಮನೆಗೂ ಹೋಲಿಕೆ ಹಚ್ಚುವಷ್ಟು ದಡ್ಡಿ ನಾನಲ್ಲ. ಅಜ್ಜಿಗೆ ಅಂಥವರನ್ನು ತೋರಿಸಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಏನೋ. ಕುಟುಂಬದ ಅಚ್ಚು ಒಂದೇ ಎಂಬ ಮಾತಿಗೆ ಮಾತ್ರ ನನ್ನ ಮನೆಯೇ ಎದುರು ಸಾಕ್ಷಿ.

ಇನ್ನು ಸ್ವಾತಂತ್ರ್ಯ ಬಂದ ಮೇಲಿನ ಮಾತು. 1956ರ ಹಿಂದೂ ದತ್ತಕ ಕಾಯಿದೆ ಮದುವೆಯಾಗದ ಹೆಂಗಸಿಗೂ ದತ್ತಕದ ಹಕ್ಕು ಕೊಟ್ಟಿತು. ಆಗಿನ ಮಟ್ಟಿಗೆ ದೊಡ್ಡದೇ. ಆದರೆ ಕ್ರೈಸ್ತ, ಪಾರ್ಸಿ, ಮುಸ್ಲಿಮರಿಗೆ ಅದು ಅನ್ವಯಿಸುವುದಿಲ್ಲ. ಬಾಂದ್ರಾದ ಕ್ರೈಸ್ತ ದಂಪತಿ ಅನಾಥಾಶ್ರಮದಿಂದ ಮಗು ತಂದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯಡಿ ಪಾಲಕರಷ್ಟೇ. ಮಗು ವಯಸ್ಕನಾದ ದಿನ ಸಂಬಂಧ ಕಾಗದದಿಂದ ಜಾರಿಹೋಗುತ್ತಿತ್ತು. ಎಲ್ಲರಿಗೂ ಒಂದೇ ದತ್ತಕ ಕಾಯಿದೆ ಬೇಕೆಂದು 1972ರಲ್ಲಿ ಮಸೂದೆ ತಂದರು. ಮುಸ್ಲಿಮರ ವಿರೋಧದಿಂದ ಬಿದ್ದಿತು. ಅವರನ್ನು ಬಿಟ್ಟು 1980ರಲ್ಲಿ ಮತ್ತೆ ತಂದರೆ, ನಮ್ಮನ್ನೂ ಬಿಡಿ ಎಂದು ಮುಂಬಯಿಯ ಪಾರ್ಸಿಗಳೇ ಎದ್ದರು. ಅವರಿಗೆ ರಕ್ತ ಕಲಬೆರಕೆಯಾಗುವ, ತಮ್ಮ ಅಗ್ನಿಮಂದಿರವಾದ ಅಗ್ಯಾರಿಗೆ ಹೊರಗಿನವರು ನುಗ್ಗುವ ಭಯ. ಕೊನೆಗೆ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಎಫ್. ಐ. ರೆಬೆಲ್ಲೊ ಒಂದು ಕ್ರೈಸ್ತ ದಂಪತಿಯ ಅರ್ಜಿಯಲ್ಲಿ, ಮನೆ ಮತ್ತು ಹೆಸರು ಸಿಗುವುದು ಮಗುವಿನ ಬದುಕುವ ಹಕ್ಕಿನೊಳಗೇ ಬರುತ್ತದೆಂದು ಹೇಳಿ ದತ್ತಕಕ್ಕೆ ಒಪ್ಪಿದರು. ತಂದೆತಾಯಿಗೆ ಏನು ಹಕ್ಕು ಎಂದು ಅಳೆಯುತ್ತಿದ್ದವರ ನಡುವೆ ಅವರು ಮಗುವಿನ ಕಡೆಯಿಂದ ನೋಡಿದರು. 2000ದಲ್ಲಿ ಬಾಲನ್ಯಾಯ ಕಾಯಿದೆ ಬಂತು. ಎಲ್ಲ ಧರ್ಮದವರಿಗೂ ದಾರಿಯಾಯಿತು. ಅದೇ ಹೊತ್ತಿಗೆ ಮದುವೆಯಾಗದ ನಟಿ ಸುಷ್ಮಿತಾ ಸೇನ್ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಂಡರು. ನಮ್ಮ ಸ್ಟಾಫ್ ರೂಮಿನಲ್ಲಿ ಎಂಥ ಚರ್ಚೆ! 'ಅಪ್ಪನಿಲ್ಲದೆ ಮಗು ಹೇಗೆ ಬೆಳೆಯುತ್ತೆ?' ಎಂದು ಕೇಳಿದ ಸಹೋದ್ಯೋಗಿಯ ಗಂಡ ಹದಿನಾಲ್ಕು ವರ್ಷ ದುಬೈಯಲ್ಲಿದ್ದ.

ಅಪ್ಪನ ಸಹಿಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ವರ್ಷವೇ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಪಾಲಕಿಯಾಗಿ ಸಹಿ ಹಾಕಿದರೆ, ಅಪ್ಪನ ಸಹಿ ತನ್ನಿ ಎಂಬ ಉತ್ತರ ಬಂತು. 1999ರಲ್ಲಿ ಸುಪ್ರೀಂ ಕೋರ್ಟು ತಾಯಿಯೂ ಸಹಜ ಪಾಲಕಿಯೇ ಎಂದಿತು. ಹೆತ್ತ ತಾಯಿಯ ಸಹಿ ನಡೆಯುವುದಕ್ಕೇ ಇಷ್ಟು ಕಾಲ ಬೇಕಾಯಿತು ಎಂದ ಮೇಲೆ ಉಳಿದವರದ್ದೇನು ಹೇಳುವುದು.

ಈ ನಗರದ ಇನ್ನೊಂದು ಸಂಗತಿ ನಮ್ಮವರಿಗೆ ಹೆಚ್ಚು ಗೊತ್ತಿಲ್ಲ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಡಾ. ಇಂದಿರಾ ಹಿಂದುಜಾ ಪ್ರನಾಳ ಶಿಶುವಿನ ಹೆರಿಗೆ ಮಾಡಿಸಿದಂದಿನಿಂದ ಮುಂಬಯಿ ಈ ವಿದ್ಯೆಯಲ್ಲಿ ಪಳಗಿತು. ಬಾಡಿಗೆ ತಾಯ್ತನ ದೊಡ್ಡ ದಂಧೆಯಾಯಿತು. 2008ರಲ್ಲಿ ಇಸ್ರೇಲಿನ ಗಂಡು ಜೋಡಿಯೊಂದಕ್ಕೆ ಇಲ್ಲಿ ಮಗು ಹುಟ್ಟಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2010ರಲ್ಲಿ ಇನ್ನೊಬ್ಬ ಇಸ್ರೇಲಿ ತಂದೆ ಅವಳಿ ಕೂಸುಗಳನ್ನು ಕಟ್ಟಿಕೊಂಡು ಮುಂಬಯಿಯಲ್ಲೇ ಸಿಕ್ಕಿಹಾಕಿಕೊಂಡ, ಜೆರುಸಲೇಮಿನ ನ್ಯಾಯಾಧೀಶರೊಬ್ಬರು ಡಿಎನ್‌ಎ ಪರೀಕ್ಷೆಗೆ ಅಪ್ಪಣೆ ಕೊಡಲಿಲ್ಲವೆಂದು. ಅಂದರೆ ನಮ್ಮ ಊರಿನ ಸಲಿಂಗಿಗಳು ತಮ್ಮ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ನಿಗೆ ಹೆದರುತ್ತಿದ್ದ ಕಾಲದಲ್ಲಿ ಹೊರದೇಶದ ಸಲಿಂಗಿಗಳು ಡಾಲರು ಎಣಿಸಿ ಇಲ್ಲಿಂದ ಮಗು ಎತ್ತಿಕೊಂಡು ಹೋಗುತ್ತಿದ್ದರು! 2012ರಲ್ಲಿ ಗೃಹ ಸಚಿವಾಲಯ ವೀಸಾ ನಿಯಮ ಬಿಗಿಮಾಡಿ, ಎರಡು ವರ್ಷ ಮದುವೆಯಾಗಿರುವ ಗಂಡು-ಹೆಣ್ಣಿಗೆ ಮಾತ್ರ ಎಂದಿತು. ಬಾಡಿಗೆ ತಾಯ್ತನದಿಂದ ಹಿಂದಿ ಚಿತ್ರರಂಗದ ತುಷಾರ್ ಕಪೂರ್ 2016ರಲ್ಲಿ, ಕರಣ್ ಜೋಹರ್ 2017ರಲ್ಲಿ ಒಂಟಿ ತಂದೆಯರಾದರು. 2021ರ ಸರೊಗಸಿ ಕಾಯಿದೆ ಆ ಬಾಗಿಲನ್ನೂ ಮುಚ್ಚಿತು: ಈಗ ಮದುವೆಯಾದ ದಂಪತಿಗೆ, ಇಲ್ಲವೇ 35ರಿಂದ 45ರೊಳಗಿನ ವಿಧವೆ, ವಿಚ್ಛೇದಿತೆಗೆ ಮಾತ್ರ. ಬಡ ಹೆಂಗಸರ ಬಸಿರನ್ನು ಬಾಡಿಗೆಗೆ ಹಿಡಿಯುವುದು ನಿಂತದ್ದಕ್ಕೆ ನನಗೆ ಬೇಸರವಿಲ್ಲ, ನಿಲ್ಲಲೇಬೇಕಿತ್ತು. ದುಡ್ಡಿನ ವ್ಯವಹಾರ ನಿಲ್ಲಿಸುವ ನೆಪದಲ್ಲಿ ಯಾರು ಅಪ್ಪನಾಗಬಹುದೆಂಬ ಬೇಲಿಯನ್ನೂ ಎಳೆದರಲ್ಲ, ಅದು ನನಗೆ ಸರಿಕಾಣದು.

ಗೌರಿ ಸಾವಂತ್ ಹೆಸರು ಈಗ ಎಲ್ಲರಿಗೂ ಗೊತ್ತು. ಮಲಾಡ್ ಮಾಲ್ವಣಿಯ ಕಡೆ 'ಸಖಿ ಚಾರ್ ಚೌಘಿ' ಎಂಬ ಸಂಸ್ಥೆಯನ್ನು 2000ದಲ್ಲಿ ಕಟ್ಟಿದವರು. ಎಚ್ಐವಿಯಿಂದ ತೀರಿಕೊಂಡ ಲೈಂಗಿಕ ಕಾರ್ಯಕರ್ತೆಯೊಬ್ಬಳ ಪುಟ್ಟ ಮಗಳನ್ನು ಮಾರಿಬಿಡುತ್ತಾರೆಂದು ಕೇಳಿ ಮನೆಗೆ ಕರೆತಂದು ಸಾಕಿದರು. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯಲಿಂಗಿಗಳನ್ನು ಗುರುತಿಸಿ ತೀರ್ಪು ಕೊಟ್ಟ ಕಾಲದಲ್ಲೇ ತಮ್ಮಂಥವರಿಗೆ ದತ್ತಕದ ಹಕ್ಕು ಬೇಕೆಂದು ಕೋರ್ಟಿನ ಬಾಗಿಲು ಬಡಿದರು. 2017ರಲ್ಲಿ ವಿಕ್ಸ್ ಕಂಪನಿಯ ಜಾಹೀರಾತಿನಲ್ಲಿ ಆ ತಾಯಿಮಗಳ ಕಥೆಯನ್ನು ನೀರಜ್ ಘಾಯ್ವಾನ್ ಚಿತ್ರಿಸಿದರು. ಬಸ್ಸಿನಲ್ಲಿ ಕೂತ ಹುಡುಗಿ, ಡಾಕ್ಟರಾಗುವುದಿಲ್ಲ, ಅಮ್ಮನಿಗಾಗಿ ವಕೀಲೆಯಾಗುತ್ತೇನೆ ಎನ್ನುತ್ತಾಳೆ. 2023ರಲ್ಲಿ ಗೌರಿಯ ಬದುಕು 'ತಾಲಿ' ಎಂಬ ಸರಣಿಯಾದಾಗ ಅವರ ಪಾತ್ರ ಮಾಡಿದ್ದು ಅದೇ ಸುಷ್ಮಿತಾ ಸೇನ್. ನಾನು ಜಾಹೀರಾತು ನೋಡಿ ಅತ್ತವಳಲ್ಲ, ನನಗೆ ನೆನಪಾದದ್ದು ಕಾಮಾಠಿಪುರದ ಆ ಮೌಸಿ. ಅವಳನ್ನು ಚಿತ್ರ ಮಾಡುವವರಿರಲಿಲ್ಲ. ಹುಡುಗಿ ನಾಲ್ಕನೇ ಇಯತ್ತೆ ಮುಗಿಸಿ ಲೀವಿಂಗ್ ಸರ್ಟಿಫಿಕೇಟ್ ತೆಗೆದುಕೊಂಡು ಹೋದಳು, ಯಲ್ಲಪ್ಪನ ಮಗಳಾಗಿಯೇ.

377 ಹೋದದ್ದು 2018ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಮುಂಬಯಿಯಲ್ಲಿ ತಾಯಂದಿರು ಮುಂದೆ ಬಂದಿದ್ದರು. 2015ರಲ್ಲಿ ಪದ್ಮಾ ಅಯ್ಯರ್ ಮಗ ಹರೀಶನಿಗೆ ವರ ಬೇಕೆಂದು 'ಮಿಡ್-ಡೇ' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. 2017ರಲ್ಲಿ ಸ್ವೀಕಾರ್ ಎಂಬ ತಂದೆತಾಯಿಗಳ ಬಳಗ ಹುಟ್ಟಿತು. 2023ರಲ್ಲಿ ಅದರ 400ಕ್ಕೂ ಹೆಚ್ಚು ಪೋಷಕರು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಮಂಡ್ಯದಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದ ನಮ್ಮ ಶ್ರೀಧರ್ ರಂಗಾಯಣ್ 2010ರಿಂದ ಇಲ್ಲಿ 'ಕಶಿಶ್' ಚಿತ್ರೋತ್ಸವ ನಡೆಸುತ್ತಾರೆ. ಅವರ 'ಈವ್ನಿಂಗ್ ಶ್ಯಾಡೋಸ್' ದಕ್ಷಿಣದ ಸಣ್ಣ ಊರಿನ ಒಬ್ಬ ತಾಯಿ ಮಗನ ಗುಟ್ಟನ್ನು ಅರಗಿಸಿಕೊಳ್ಳುವ ಕಥೆ. ಮಕ್ಕಳನ್ನು ತಾಯ್ತಂದೆ ಒಪ್ಪುವುದು ಅಲ್ಲಿನ ವಿಷಯ. ಆ ಮಕ್ಕಳು ತಾವೇ ತಾಯ್ತಂದೆಯಾಗುವುದು ಮುಂದಿನ ಮೆಟ್ಟಿಲು.

ಆ ಮೆಟ್ಟಿಲಿನಲ್ಲಿ ಕಾಯಿದೆ ಹೇಗೆ ನಿಂತಿದೆ? ದತ್ತಕ ನಿಯಮಗಳ ಪ್ರಕಾರ ಜೋಡಿಯಾಗಿ ಮಗು ಪಡೆಯಬೇಕಾದರೆ ಕನಿಷ್ಠ ಎರಡು ವರ್ಷದ ಗಟ್ಟಿ ದಾಂಪತ್ಯ ಬೇಕು. ಒಂಟಿ ಹೆಂಗಸಿಗೆ ಯಾವ ಮಗುವನ್ನಾದರೂ ಕೊಡಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವಂತಿಲ್ಲ. ಹಾಗಾಗಿ ಜೊತೆಯಲ್ಲಿ ಬಾಳುವ ಇಬ್ಬರಲ್ಲಿ ಒಬ್ಬರು ಒಂಟಿಯೆಂದು ಅರ್ಜಿ ಹಾಕುತ್ತಿದ್ದರು. 2022ರ ಜೂನ್ 16ರಂದು ದತ್ತಕದ ಕೇಂದ್ರ ಪ್ರಾಧಿಕಾರ 'ಕಾರಾ' ಸುತ್ತೋಲೆ ಹೊರಡಿಸಿ, ಮದುವೆಯಿಲ್ಲದೆ ಜೊತೆಗಿರುವವರು ಒಂಟಿ ಅರ್ಜಿದಾರರಾಗುವಂತಿಲ್ಲ ಎಂದಿತು. ಒಂಟಿಯಾಗಿದ್ದರೆ ಸೈ, ಜೊತೆಗಾರಳಿದ್ದರೆ ಇಲ್ಲ. ಮಗುವಿಗೆ ಒಂದು ಜೊತೆ ಕೈ ಹೆಚ್ಚಾಗುವುದು ಹೇಗೆ ಕೇಡಾಗುತ್ತದೋ ನನಗೆ ತಿಳಿಯದು.

ಸಲಿಂಗಿಗಳ ಮದುವೆಯ ಬಗ್ಗೆ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಕೊಟ್ಟ ತೀರ್ಪನ್ನು ನಾನು ಮನೆಯಲ್ಲಿ ಕೂತು ಪೂರ್ತಿ ಕೇಳಿದೆ. ಮದುವೆಯ ಹಕ್ಕಿಲ್ಲವೆಂಬಲ್ಲಿ ಐವರೂ ಒಂದೇ. ದತ್ತಕದಲ್ಲಿ ಒಡಕು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಕೌಲ್, ಆ ನಿಯಮವೂ ಸುತ್ತೋಲೆಯೂ ತಾರತಮ್ಯವೆಂದರು. ಗಂಡುಹೆಣ್ಣಿನ ಜೋಡಿ ಮಾತ್ರ ಮಗುವನ್ನು ಚೆನ್ನಾಗಿ ಸಾಕುತ್ತದೆನ್ನಲು ಆಧಾರವಿಲ್ಲ ಎಂದರು. ಭಟ್, ಹಿಮಾ ಕೊಹ್ಲಿ, ನರಸಿಂಹ ಒಪ್ಪಲಿಲ್ಲ. 3ಕ್ಕೆ 2. ಭಟ್ಟರ ವಾದವನ್ನು ಹಗುರ ಮಾಡಬಾರದು: ಮದುವೆಯಿಲ್ಲದ ಜೋಡಿ ಒಡೆದರೆ ಮಗುವಿಗೆ ಜೀವನಾಂಶ, ರಕ್ಷಣೆ ಯಾರಿಂದ ಕೇಳುವುದು? ಸರಿಯಾದ ಪ್ರಶ್ನೆಯೇ. ಆದರೆ ಎರಡನೆಯವಳ ಹೆಸರನ್ನು ಕಾಗದದಲ್ಲಿ ಸೇರಿಸಿದ್ದರೆ ಅವಳಿಂದಲೂ ಕೇಳಬಹುದಿತ್ತು. ಹೆಸರು ಬೇಡವೆಂದವರೇ ಹೆಸರಿಲ್ಲದ್ದಕ್ಕೆ ಚಿಂತೆ ಮಾಡಿದಂತಾಯಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ತೈವಾನಿನಲ್ಲಿ 2019ರಲ್ಲಿ ಮದುವೆ ಬಂದು, ಜೋಡಿಯಾಗಿ ದತ್ತು ಪಡೆಯಲು 2023ರವರೆಗೆ ಕಾಯಬೇಕಾಯಿತು. ಮದುವೆಗಿಂತ ಮಗುವಿನ ಮಾತಿಗೇ ಎಲ್ಲ ದೇಶದವರೂ ಹೆಚ್ಚು ಬೆಚ್ಚುತ್ತಾರೆ.

ಇಲ್ಲಿ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಇಂಥ ಜೋಡಿಗಳ ದತ್ತಕವನ್ನು ರಾಷ್ಟ್ರೀಯ ಮಕ್ಕಳ ಹಕ್ಕು ಆಯೋಗ ವಿರೋಧಿಸಿತು, ದೆಹಲಿಯ ಆಯೋಗ ಬೆಂಬಲಿಸಿತು. ಭಾರತೀಯ ಮನೋವೈದ್ಯರ ಸಂಘ ಹಕ್ಕಿನ ಪರವಾಗಿ ನಿಂತು, ಅಂಥ ಮನೆಯ ಮಕ್ಕಳಿಗೆ ಸಮಾಜದಿಂದ ಕಿರುಕುಳವಾಗಬಹುದೆಂದೂ ಎಚ್ಚರಿಸಿತು. ಶಾಲೆಯಲ್ಲಿ ಚುಡಾಯಿಸುತ್ತಾರೆ ಎಂಬ ಮಾತನ್ನು ನಮ್ಮ ಸೊಸೈಟಿಯ ಮೀಟಿಂಗಿನಲ್ಲೂ ಕೇಳಿದ್ದೇನೆ. ಚುಡಾಯಿಸುತ್ತಾರೆ, ಹೌದು. ಕಪ್ಪಗಿದ್ದವನನ್ನು, ತೊದಲುವವನನ್ನು, ಅಪ್ಪ ಕುಡುಕನಾದವನನ್ನು, ಮೀನಿನ ಡಬ್ಬಿ ತಂದವಳನ್ನು ಚುಡಾಯಿಸಿದ್ದನ್ನು ಕಂಡಿದ್ದೇನೆ. ಚುಡಾಯಿಸುವವನ ಕಿವಿ ಹಿಂಡುವುದು ನಮ್ಮ ಕೆಲಸವಾಗಿತ್ತು. ಕುಡುಕನ ಮಗನಿಗೆ ಸೀಟಿಲ್ಲ ಎನ್ನುವುದು ಯಾರಿಗೂ ಹೊಳೆದಿರಲಿಲ್ಲ. ಮಗುವಿನ ಹಿತವೆಂಬ ಮಾತನ್ನು ಯಾರ ಮೇಲೆ ಬೇಕಾದರೂ ಎಸೆಯುತ್ತಾರೆ. ಸೋದರಿಯ ಮಗುವನ್ನು ದತ್ತು ಕೇಳಿದ ವಿಚ್ಛೇದಿತ ಹೆಂಗಸಿಗೆ ಭುಸಾವಳದ ಕೋರ್ಟು, ದುಡಿಯುವ ನಿನಗೆ ಮಗು ನೋಡಲು ಪುರಸೊತ್ತೆಲ್ಲಿ ಎಂದು ಅರ್ಜಿ ತಳ್ಳಿತ್ತು. 2023ರ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌರಿ ಗೋಡ್ಸೆ, ಇದು ಮಧ್ಯಯುಗದ ಮನಸ್ಥಿತಿ ಎಂದು ಆ ಆದೇಶವನ್ನು ರದ್ದು ಮಾಡಿದರು.

ಮುಲುಂಡಿನ ನಮ್ಮ ಕಟ್ಟಡದಲ್ಲಿ ಮೂರನೇ ಮಾಳಿಗೆಯಲ್ಲಿ ಇಬ್ಬರಿದ್ದಾರೆ. ಒಬ್ಬಳು ನಾಗಪುರದವಳು, ನನ್ನನ್ನು ಮಾವಶಿ ಎನ್ನುತ್ತಾಳೆ. ಇನ್ನೊಬ್ಬಳು ಕುಂದಾಪುರದವಳು, ನಾನು ಅವಳಿಗೆ ಟೀಚರಕ್ಕ. ಸುತ್ತೋಲೆಗೆ ಮುಂಚೆ ನಾಗಪುರದವಳು ಒಂಟಿ ಅರ್ಜಿದಾರಳಾಗಿ ದತ್ತು ಪಡೆದ ಹುಡುಗನಿಗೆ ಅವಳು ಆಯಿ, ಇವಳು ಅಮ್ಮ. ಹುಡುಗನಿಗೆ ಡೆಂಗಿ ಬಂದಾಗ ಆಯಿ ಆಫೀಸಿನ ಕೆಲಸದ ಮೇಲೆ ಹೈದರಾಬಾದಿನಲ್ಲಿದ್ದಳು. ಆಸ್ಪತ್ರೆಯವರು ಇವಳನ್ನು ಯಾರೆಂದು ಕೇಳಿ, ಅಮ್ಮ ಅಂದರೆ ಕಾಗದ ಕೇಳಿ, ಕೊನೆಗೆ ವಾಟ್ಸ್‌ಆ್ಯಪ್ಪಿನಲ್ಲಿ ಆಯಿಯ ಒಪ್ಪಿಗೆ ತರಿಸಿಕೊಂಡರು. 'ಟೀಚರಕ್ಕ, ರಾತ್ರಿಯೆಲ್ಲ ಒದ್ದೆ ಬಟ್ಟೆ ಒತ್ತಿದ್ ನಾನ್, ಕಾಗ್ದಂಗ್ ನಾ ಯಾರೂ ಅಲ್ಲ' ಎಂದಳು. ಅವಳ ಗಂಟಲು ಕಟ್ಟಿರಲಿಲ್ಲ, ಸಿಟ್ಟಿತ್ತು.

ಸರ್ಕಾರ ಅಲ್ಪಸ್ವಲ್ಪ ಸಡಿಲಿಸಿದೆ. 2024ರಲ್ಲಿ ಇಂಥ ಜೋಡಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು ಅಡ್ಡಿಯಿಲ್ಲವೆಂದಿತು, ಒಂದೇ ಮನೆಯವರೆಂದು ರೇಷನ್ ಕಾರ್ಡಿಗೆ ಸೇರಿಸಬಹುದೆಂದಿತು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ, ಮೇ 1ರಿಂದ ಹುಟ್ಟುವ ಮಕ್ಕಳ ದಾಖಲೆಗಳಲ್ಲಿ ಮಗುವಿನ ಹೆಸರಿನ ಮುಂದೆ ತಾಯಿಯ ಹೆಸರು ಕಡ್ಡಾಯ ಮಾಡಿತು, ಆಮೇಲೆ ಅಪ್ಪನದು. ನಾನು ನಿವೃತ್ತಳಾಗಿ ಎಷ್ಟೋ ವರ್ಷದ ಮೇಲೆ ರಿಜಿಸ್ಟರಿನಲ್ಲಿ ತಾಯಿಗೊಂದು ಜಾಗ ಸಿಕ್ಕಿತು. ಇಬ್ಬರು ತಾಯಂದಿರಿಗೆ ಅಲ್ಲಿ ಜಾಗವಿಲ್ಲ.

ಕಳೆದ ದೀಪಾವಳಿಗೆ ಮುಂಚೆ ಇಬ್ಬರೂ ವಕೀಲರನ್ನು ಕಂಡರು. ಆಯಿ ವಿಲ್ ಬರೆದು, ತನ್ನ ನಂತರ ಹುಡುಗನ ಪಾಲಕಿಯಾಗಿ ಇವಳನ್ನು ಹೆಸರಿಸಿದಳು. ತಕರಾರು ಬಂದರೆ ಕೋರ್ಟು ಹುಡುಗನ ಹಿತ ನೋಡಿ ತೀರ್ಮಾನಿಸುತ್ತದೆ, ಇದು ಪೂರ್ತಿ ಗ್ಯಾರಂಟಿ ಅಲ್ಲ ಎಂದು ವಕೀಲರು ಮೊದಲೇ ಹೇಳಿದ್ದಾರೆ. ಶಾಲೆಗೆ, ಮಕ್ಕಳ ಡಾಕ್ಟರಿಗೆ ಒಂದೊಂದು ಅಧಿಕಾರ ಪತ್ರ. ಇನ್ಶೂರೆನ್ಸಿನ ನಾಮಿನಿ ಬದಲಾವಣೆ. ವಿಲ್ಲಿಗೆ ಇಬ್ಬರು ಸಾಕ್ಷಿ ಬೇಕು. ಒಂದು ಸಹಿ ನನ್ನದು, ಇನ್ನೊಂದು ಎರಡನೇ ಮಾಳಿಗೆಯ ಗುಜರಾತಿ ಸಿಎ ಮಹಾಶಯರದ್ದು. ಸೊಸೈಟಿಯ ಮೀಟಿಂಗಿನಲ್ಲಿ ಮಗುವಿಗೆ ಅಪ್ಪ ಬೇಡವೇ ಎಂದು ಎಲ್ಲರಿಗಿಂತ ಜೋರಾಗಿ ಕೇಳಿದ್ದವರು ಅವರೇ. ಸಹಿ ಹಾಕುವ ಮುನ್ನ ಪ್ರತಿ ಪುಟವನ್ನೂ ಎರಡೆರಡು ಸಲ ಓದಿ, ಒಂದು ಕಡೆ ಹುಡುಗನ ಜನ್ಮದಿನಾಂಕ ತಪ್ಪಿದ್ದನ್ನು ತಿದ್ದಿಸಿದರು.